60 ಗಿಗಾಹರ್ಟ್ಸ್ ಎಂಬ ಗೋಮಾಳ

2019ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನನ್ನು ಜಗತ್ತಿನ ಮುಂದಿಟ್ಟಿತು. ಭಾರತದಲ್ಲಿ ಮಾತ್ರ ಅದನ್ನು ಮಾರುವುದಿಲ್ಲ ಎಂದು ಆಗಲೇ ಹೇಳಿಬಿಟ್ಟಿತು. ಕಂಪನಿ ಕೊಟ್ಟ ವಿವರಣೆ ಮೊಟಕಾಗಿತ್ತು. ಇಲ್ಲಿನ ಮಾರುಕಟ್ಟೆಯ ಒಲವು, ಫೋನಿನ ಗುಣವಿಶೇಷಗಳು ಎಂಬಷ್ಟಕ್ಕೆ ಮಾತು ಮುಗಿದಿತ್ತು. ಪತ್ರಿಕೆಗಳು ಬರೆದ ಕಾರಣ ಬೇರೆ. ಆ ಫೋನಿನ ನೆತ್ತಿಯಲ್ಲಿ ಸೋಲಿ ಎಂಬ ಹೆಸರಿನ ಪುಟಾಣಿ ರಾಡಾರ್ ಇತ್ತು. ಪರದೆಯನ್ನು ಮುಟ್ಟದೆ ಗಾಳಿಯಲ್ಲಿ ಕೈ ಬೀಸಿದರೆ ಅದು ಗುರುತಿಸುತ್ತಿತ್ತು. ರಾಡಾರ್ ಕೆಲಸ ಮಾಡುತ್ತಿದ್ದದ್ದು 60 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ರೇಡಿಯೊ ಅಲೆಯ ಉದ್ದ ಬರೀ 5 ಮಿಲಿಮೀಟರ್ ಇರುವ ಜಾಗದಲ್ಲಿ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2018ರ ಕೊನೆಯ ದಿನ ಅದಕ್ಕೆ ವಿಶೇಷ ಅನುಮತಿ ಕೊಟ್ಟಿತ್ತು. ಭಾರತದಲ್ಲಿ ಆ ಬ್ಯಾಂಡನ್ನು ಪರವಾನಗಿ ಇಲ್ಲದೆ ಯಾರೂ ಬಳಸುವಂತಿರಲಿಲ್ಲ. ಒಂದು ದುಬಾರಿ ಫೋನು ಬಾರದಿದ್ದರೆ ದೇಶಕ್ಕೇನೂ ನಷ್ಟವಿಲ್ಲ. ಕೈ ಬೀಸಿ ಹಾಡು ಬದಲಿಸುವ ಆ ಚಮತ್ಕಾರವನ್ನು ಗೂಗಲ್ ಕೂಡ ಮುಂದಿನ ವರ್ಷದ ಪಿಕ್ಸೆಲ್ 5ರಲ್ಲಿ ಕೈಬಿಟ್ಟಿತು. ಆದರೆ ಅದರ ಹಿಂದಿದ್ದ ಪ್ರಶ್ನೆ ಫೋನಿಗಿಂತ ದೊಡ್ಡದು: ನೂರು ಮೀಟರ್ ದಾಟುವಷ್ಟರಲ್ಲಿ ಸೊರಗತೊಡಗುವ ಅಲೆಗೆ ಸರ್ಕಾರದ ಅಪ್ಪಣೆ ಏಕೆ ಬೇಕು?

ಈ ಅಲೆ ಸೊರಗುವುದಕ್ಕೆ ಕಾರಣ ನಾವು ಉಸಿರಾಡುವ ಆಮ್ಲಜನಕ. ಗಾಳಿಯಲ್ಲಿ ಬಹುಪಾಲು ಇರುವ ಸಾರಜನಕಕ್ಕೆ ಈ ಅಲೆಯ ಗೊಡವೆಯಿಲ್ಲ. ಆಮ್ಲಜನಕದ ಅಣುವಿನದು ಬೇರೆ ಸ್ವಭಾವ. ಅದಕ್ಕೆ ತನ್ನದೇ ಪುಟ್ಟ ಕಾಂತಗುಣವಿದೆ. ಆ ಗುಣ ಅಣುವಿನ ತಿರುಗುವಿಕೆಯ ಜೊತೆ ಹೊಂದಿಕೊಳ್ಳುವ ಬಗೆಗಳ ನಡುವೆ ಸಣ್ಣ ಸಣ್ಣ ಶಕ್ತಿಯ ಅಂತರಗಳಿವೆ. 50ರಿಂದ 70 ಗಿಗಾಹರ್ಟ್ಸ್ ನಡುವೆ ಅಂಥ ಹತ್ತಾರು ಅಂತರಗಳು ಒತ್ತಾಗಿ ಕೂತಿವೆ. ನೆಲಮಟ್ಟದ ಗಾಳಿಯ ಒತ್ತಡದಲ್ಲಿ ಅವು ಒಂದಕ್ಕೊಂದು ಕಲಸಿಹೋಗಿ ಒಂದೇ ದೊಡ್ಡ ಹೀರುವಿಕೆಯಾಗುತ್ತವೆ. ಭೌತವಿಜ್ಞಾನಿ ವ್ಯಾನ್ ವ್ಲೆಕ್ ಇದರ ಸಿದ್ಧಾಂತವನ್ನು 1947ರಲ್ಲೇ ವಿವರವಾಗಿ ಬರೆದರು. ಲೆಕ್ಕದಲ್ಲಿ ಹೇಳುವುದಾದರೆ ನಷ್ಟ ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್. ಡೆಸಿಬೆಲ್ ಎಂಬುದು ಗುಣಾಕಾರದ ಲೆಕ್ಕವಾದ್ದರಿಂದ ದೂರ ಹೆಚ್ಚಿದಂತೆ ನಷ್ಟ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ನೂರು ಮೀಟರಿನಲ್ಲಿ ಆಮ್ಲಜನಕ ಕದಿಯುವುದು ಅಲೆಯ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಉಳಿಯುವುದು ಮೂವತ್ತೆರಡರಲ್ಲಿ ಒಂದು ಪಾಲು. ಹತ್ತು ಕಿಲೋಮೀಟರಿಗೆ ಬಂದರೆ ಒಂದರ ಮುಂದೆ ಹದಿನೈದು ಸೊನ್ನೆ ಬರೆದು ಭಾಗಿಸಬೇಕು. ಅಲೆ ಹರಡಿಕೊಂಡು ತೆಳುವಾಗುವ ಮಾಮೂಲಿ ನಷ್ಟ ಇದಕ್ಕೆ ಸೇರಿಲ್ಲ; ಇದು ಬರೀ ಗಾಳಿಯ ಸುಂಕ. ಗೋಡೆ, ಮರ, ಮನುಷ್ಯನ ಅಂಗೈ, ಯಾವುದು ಅಡ್ಡ ಬಂದರೂ ಅಲೆ ಅಲ್ಲೇ ನಿಲ್ಲುತ್ತದೆ ಅಥವಾ ತೀರಾ ಬಡವಾಗುತ್ತದೆ.

ಹಾಗಾಗಿ ಬಹುಕಾಲ ಇದನ್ನು ಕೆಲಸಕ್ಕೆ ಬಾರದ ಜಾಗವೆಂದೇ ಎಣಿಸಿದ್ದರು. ವಿಚಿತ್ರವೆಂದರೆ, ಮನುಷ್ಯ ಮೊದಮೊದಲು ಹುಟ್ಟಿಸಿ ಪರೀಕ್ಷಿಸಿದ ರೇಡಿಯೊ ಅಲೆಗಳಲ್ಲಿ ಇವೂ ಸೇರಿವೆ, ಅದೂ ನಮ್ಮ ಕೋಲ್ಕತ್ತದಲ್ಲಿ. ಜಗದೀಶಚಂದ್ರ ಬೋಸರು 1894ರಿಂದ 96ರ ನಡುವೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ ಅಲೆಯ ಉದ್ದವನ್ನು 2.5 ಸೆಂಟಿಮೀಟರಿನಿಂದ 5 ಮಿಲಿಮೀಟರಿನವರೆಗೂ ಇಳಿಸಿದ್ದರು. 5 ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ 60 ಗಿಗಾಹರ್ಟ್ಸ್. ಬೆಳಕಿನ ಹಾಗೆಯೇ ಈ ಅಲೆಗಳೂ ಬಾಗುತ್ತವೆ, ಪ್ರತಿಫಲಿಸುತ್ತವೆ, ಧ್ರುವೀಕರಣಗೊಳ್ಳುತ್ತವೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅಲೆ ಚಿಕ್ಕದಾದಷ್ಟೂ ಪಟ್ಟಕ, ಮಸೂರ, ಕೊಳವೆಗಳೆಲ್ಲ ಚಿಕ್ಕದಾಗಿ ಮೇಜಿನ ಮೇಲೆಯೇ ಕೂರುತ್ತವೆ. ಆ ಉಪಕರಣಗಳನ್ನೇ 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತೋರಿಸಿದರು. ಎಂಜಿನಿಯರುಗಳ ಜಾಗತಿಕ ಸಂಘವಾದ ಐಇಇಇ ಈ ಕೆಲಸವನ್ನು ಮೈಲಿಗಲ್ಲೆಂದು ಗುರುತಿಸಿದ್ದು 2012ರಲ್ಲಿ. ನಡುವಿನ ನೂರು ಚಿಲ್ಲರೆ ವರ್ಷ ರೇಡಿಯೊ ವಿದ್ಯೆ ಬೋಸರ ದಾರಿಗೆ ಬೆನ್ನು ಹಾಕಿ ನಡೆದಿತ್ತು. ಮಾರ್ಕೋನಿಗೆ ಅಟ್ಲಾಂಟಿಕ್ ಸಾಗರ ದಾಟಬೇಕಿತ್ತು. ಅದಕ್ಕೆ ಉದ್ದುದ್ದ ಅಲೆಗಳೇ ಬೇಕು. ದೂರ ಹೋಗುವುದೇ ರೇಡಿಯೊದ ಗುಣ ಎಂಬ ಭಾವನೆ ಅಂದು ಬೇರೂರಿತು. ಕಾಯಿದೆಗಳೂ ಅದೇ ಭಾವನೆಯ ಮೇಲೆ ರೂಪುಗೊಂಡವು.

ಕಾಯಿದೆಯ ತರ್ಕ ಸರಳವಾದದ್ದು. ಇಬ್ಬರು ಒಂದೇ ಆವರ್ತನದಲ್ಲಿ ಕೂಗಿದರೆ ಇಬ್ಬರ ಮಾತೂ ಕೇಳದು; ಆದ್ದರಿಂದ ಯಾರು ಎಲ್ಲಿ ಮಾತಾಡಬೇಕೆಂದು ಸರ್ಕಾರ ಹಂಚಬೇಕು, ಹಂಚುವಾಗ ಬೇಡಿಕೆ ಹೆಚ್ಚಿದ್ದರೆ ಬೆಲೆ ಕಟ್ಟಬೇಕು. 700 ಮೆಗಾಹರ್ಟ್ಸ್ ಬ್ಯಾಂಡಿಗೆ ಈ ಮಾತು ನೂರಕ್ಕೆ ನೂರು ಸರಿ. ಅಲ್ಲಿ ಒಂದು ಟವರಿನ ಅಲೆ ಹಳ್ಳಿ ಹಳ್ಳಿಗಳನ್ನು ದಾಟಿ ಹೋಗುತ್ತದೆ. ಆದರೆ ಬೆಲೆಗೂ ಪರವಾನಗಿಗೂ ಸಮರ್ಥನೆ ಸಿಗುವುದು ಅಭಾವದಿಂದ. ಒಬ್ಬನ ಬಳಕೆ ಇನ್ನೊಬ್ಬನ ಬಳಕೆಗೆ ಅಡ್ಡಬಂದಾಗ ಅಭಾವ ಹುಟ್ಟುತ್ತದೆ. 60 ಗಿಗಾಹರ್ಟ್ಸಿನಲ್ಲಿ ಜಯನಗರದ ಒಂದು ಮನೆಯ ಅಲೆ ಪಕ್ಕದ ಬೀದಿಯನ್ನೇ ಸರಿಯಾಗಿ ಮುಟ್ಟದಿರುವಾಗ ಮಲ್ಲೇಶ್ವರದ ಮನೆಯೊಂದಿಗೆ ಅದಕ್ಕೆ ತಗಾದೆ ಎಲ್ಲಿಂದ ಬರಬೇಕು? ಮೇಲಾಗಿ ಇಲ್ಲಿ ಜಾಗವೂ ಅಪಾರ. ಮನೆಮನೆಯ ವೈಫೈ ಮೊದಲಿಗೆ ನಡೆದ 2.4 ಗಿಗಾಹರ್ಟ್ಸ್ ಬ್ಯಾಂಡಿನ ಒಟ್ಟು ಅಗಲ 83.5 ಮೆಗಾಹರ್ಟ್ಸ್. 57ರಿಂದ 71 ಗಿಗಾಹರ್ಟ್ಸ್‌ವರೆಗಿನ ಅಗಲ 14,000 ಮೆಗಾಹರ್ಟ್ಸ್. ಇದರಲ್ಲಿ ಒಂದೇ ಒಂದು ಚಾನೆಲ್ಲಿಗೆ 2,160 ಮೆಗಾಹರ್ಟ್ಸ್ ಕೊಡುತ್ತಾರೆ. ಆ ಒಂದು ಚಾನೆಲ್ ಹಳೆಯ ವೈಫೈ ಬ್ಯಾಂಡಿನ ಸುಮಾರು ಇಪ್ಪತ್ತಾರು ಪಟ್ಟು. ಇದು ಸರ್ವೆ ನಂಬರ್ ಹಾಕಿ, ಬಂದೋಬಸ್ತು ಮಾಡಿ, ಪಹಣಿ ಕೊಡಬೇಕಾದ ಜಮೀನಲ್ಲ. ಊರ ದನಗಳಿಗೆಂದು ಬಿಟ್ಟ ಗೋಮಾಳ. ಗೋಮಾಳಗಳಿಗೆ ನಮ್ಮಲ್ಲಿ ಏನಾಯಿತೆಂದು ಬಲ್ಲವರು ಇಲ್ಲಿ ನಗಬಹುದು. ಆದರೆ ಒಂದು ವ್ಯತ್ಯಾಸವಿದೆ. ಗೋಮಾಳದಲ್ಲಿ ಒಂದು ದನ ಮೇದ ಹುಲ್ಲು ಇನ್ನೊಂದಕ್ಕಿಲ್ಲ, ಒತ್ತುವರಿಯಾದ ಎಕರೆ ಮರಳಿ ಬರುವುದಿಲ್ಲ. ಅಲೆಯೋ, ಬಳಸಿ ಮುಗಿದ ಕ್ಷಣಕ್ಕೆ ಜಾಗ ಮೊದಲಿನಂತೆಯೇ ಖಾಲಿ. ಬೇಲಿ ಸುತ್ತಿದರೂ ನೂರು ಮೀಟರಿನಾಚೆ ಆ ಬೇಲಿಗೆ ಅರ್ಥವಿಲ್ಲ.

ಪರವಾನಗಿ ತೆಗೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಪುರಾವೆಗಳಿವೆ. 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಭಾರತ 2005ರಲ್ಲಿ ಪೂರ್ತಿಯಾಗಿ ಮುಕ್ತಗೊಳಿಸಿತು. ಇವತ್ತು ಕಾಲೇಜು, ಆಸ್ಪತ್ರೆ, ದರ್ಶಿನಿ, ಬಸ್ ನಿಲ್ದಾಣ ಎಲ್ಲೆಡೆಯ ವೈಫೈ, ಬ್ಲೂಟೂತ್ ಆ ನಿರ್ಧಾರದ ಫಲ. ಅದೇ ವರ್ಷ 865ರಿಂದ 867 ಮೆಗಾಹರ್ಟ್ಸ್ ನಡುವಿನ ಎರಡೇ ಎರಡು ಮೆಗಾಹರ್ಟ್ಸಿಗೂ ವಿನಾಯಿತಿ ಸಿಕ್ಕಿತು. ಆಗ ಯಾರೂ ಅದನ್ನು ಗಮನಿಸಲಿಲ್ಲ. ಇಂದು ಹೆದ್ದಾರಿ ಟೋಲ್‌ಗಳಲ್ಲಿ ಗಾಡಿಯ ಗಾಜಿನ ಮೇಲಿನ ಫಾಸ್ಟ್ಯಾಗ್ ಮಾತಾಡುವುದು ಆ ಪಟ್ಟಿಯಲ್ಲೇ. ಸರ್ಕಾರ ಆ ಎರಡು ಮೆಗಾಹರ್ಟ್ಸನ್ನು ಹರಾಜಿಗಿಟ್ಟಿದ್ದರೆ ಖಜಾನೆಗೆ ಒಮ್ಮೆ ಒಂದಿಷ್ಟು ಹಣ ಬರುತ್ತಿತ್ತು. ಮುಕ್ತವಾಗಿ ಬಿಟ್ಟಿದ್ದರಿಂದ ದೇಶದ ಇಡೀ ಟೋಲ್ ವ್ಯವಸ್ಥೆ ಅದರ ಮೇಲೆ ನಿಂತಿದೆ. 2005ರಲ್ಲಿ ಫಾಸ್ಟ್ಯಾಗ್ ಯಾರ ಕಲ್ಪನೆಯಲ್ಲೂ ಇರಲಿಲ್ಲ ಎಂಬುದೇ ಇಲ್ಲಿ ನನಗೆ ಮುಖ್ಯವಾಗಿ ಕಾಣುವ ಅಂಶ. ಮುಂದೇನು ಬರಲಿದೆಯೆಂದು ಗೊತ್ತಿಲ್ಲದವರು ಹರಾಜಿನಲ್ಲಿ ಕೂಗುವುದಿಲ್ಲ. ಇನ್ನೂ ಹುಟ್ಟದ ಬಳಕೆಯ ಪರವಾಗಿ ಕೂಗುವವರಂತೂ ಯಾರೂ ಇರುವುದಿಲ್ಲ.

60 ಗಿಗಾಹರ್ಟ್ಸ್ ಸುತ್ತಲಿನ ಈ ಜಾಗಕ್ಕೆ ಸರ್ಕಾರಿ ಕಡತಗಳಲ್ಲಿ ವಿ-ಬ್ಯಾಂಡ್ ಎಂದು ಹೆಸರು. ಅಮೆರಿಕ 59ರಿಂದ 64 ಗಿಗಾಹರ್ಟ್ಸನ್ನು ಪರವಾನಗಿಯಿಲ್ಲದ ಬಳಕೆಗೆ ಬಿಡಲು 1995ರಲ್ಲೇ ತೀರ್ಮಾನಿಸಿ, 2016ರಲ್ಲಿ ಅದನ್ನು 71ರವರೆಗೆ ಹಿಗ್ಗಿಸಿತು. ಯುರೋಪೂ ಅದೇ ದಾರಿ ಹಿಡಿಯಿತು. ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ 2014ರ ಆಗಸ್ಟಿನಲ್ಲಿ ವಿ-ಬ್ಯಾಂಡಿಗೂ ಅದರ ಮೇಲಿನ ಇ-ಬ್ಯಾಂಡಿಗೂ ಹಗುರವಾದ ನಿಯಂತ್ರಣ ಸಾಕೆಂದು ಶಿಫಾರಸು ಮಾಡಿತು. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ ಈ ಎರಡನ್ನೂ ಹೆಸರಿಸಿ, ಜಗತ್ತಿನ ಉತ್ತಮ ಪದ್ಧತಿಗಳಂತೆ ಬಳಸಿಕೊಳ್ಳಬೇಕೆಂದು ಬರೆಯಿತು. 2025ರ ಮೇ ತಿಂಗಳಲ್ಲಿ ಟ್ರಾಯ್ ಇನ್ನೊಂದು ಸಮಾಲೋಚನಾ ಪತ್ರ ಹೊರಡಿಸಿ ಇವನ್ನು ಹೇಗೆ ಹಂಚಬೇಕೆಂದು ಮತ್ತೆ ಕೇಳಿತು. ಪ್ರಶ್ನೆ ಕೇಳುವುದರಲ್ಲೇ ಹನ್ನೊಂದು ವರ್ಷ. ಈ ನಡುವೆ ಅಡ್ಡ ನಿಂತ ವಾದ ಮುಖ್ಯವಾಗಿ ಮೊಬೈಲ್ ಕಂಪನಿಗಳದು. ಅವುಗಳ ಸಂಘ ಹೇಳಿದ್ದಿಷ್ಟು: ಸ್ಪೆಕ್ಟ್ರಂ ಸಾರ್ವಜನಿಕ ಸಂಪತ್ತು, ಹರಾಜಿಲ್ಲದೆ ಕೊಡುವುದು 2ಜಿ ತೀರ್ಪಿಗೆ ವಿರುದ್ಧ, ಸರ್ಕಾರಕ್ಕೆ ವರಮಾನ ಖೋತಾ, ಲಕ್ಷ ಕೋಟಿ ಸುರಿದು ಸ್ಪೆಕ್ಟ್ರಂ ಕೊಂಡವರ ಎದುರು ಗೂಗಲ್, ಫೇಸ್‌ಬುಕ್‌ನಂಥವು ಪುಕ್ಕಟೆಯಾಗಿ ಹಿಂಬಾಗಿಲಿನಿಂದ ನುಗ್ಗುತ್ತವೆ.

ಮೊದಲನೆಯದಕ್ಕೆ ಉತ್ತರ ನ್ಯಾಯಾಲಯವೇ ಕೊಟ್ಟಿದೆ. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದು ಮಾಡಿದ್ದು, ಬೆಲೆಬಾಳುವ ಸ್ಪೆಕ್ಟ್ರಮ್ಮನ್ನು ಮೊದಲು ಬಂದವರಿಗೆ ಎಂಬ ನೆಪದಲ್ಲಿ ಕೆಲವರಿಗಷ್ಟೇ ಹಂಚಿದ್ದಕ್ಕೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿ, ಎಲ್ಲ ನೈಸರ್ಗಿಕ ಸಂಪತ್ತಿಗೂ ಹರಾಜೇ ಸಂವಿಧಾನ ಒಪ್ಪುವ ಏಕೈಕ ದಾರಿಯಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. 2ಜಿ ಹಗರಣದ ಮೂಲದೋಷ ಕೆಲವರಿಗೆ ಕೊಟ್ಟು ಉಳಿದವರಿಗೆ ಬಾಗಿಲು ಮುಚ್ಚಿದ್ದು. ಪರವಾನಗಿ ತೆಗೆದುಹಾಕುವುದೆಂದರೆ ಯಾರಿಗೂ ಬಾಗಿಲು ಮುಚ್ಚದಿರುವುದು. ಮೊಬೈಲ್ ಕಂಪನಿಗಳಿಗೂ ಅದು ಅಷ್ಟೇ ತೆರೆದಿರುತ್ತದೆ. 2023ರ ದೂರಸಂಪರ್ಕ ಕಾಯಿದೆಯಲ್ಲೂ ಹರಾಜಿಲ್ಲದೆ ಸರ್ಕಾರ ನೇರವಾಗಿ ಹಂಚಬಹುದಾದ ಬಳಕೆಗಳ ಪಟ್ಟಿಯಿದ್ದು, ಟವರುಗಳನ್ನು ಒಂದಕ್ಕೊಂದು ಬೆಸೆಯುವ ರೇಡಿಯೊ ಕೊಂಡಿಗಳು ಅದರಲ್ಲಿ ಸೇರಿವೆ. ಇನ್ನು ಹಿಂಬಾಗಿಲಿನ ಮಾತು. ದೈತ್ಯ ಕಂಪನಿಗಳ ಭಯ ಸುಳ್ಳಲ್ಲ. ಆದರೆ ಹರಾಜಿಗೆ ಹೆದರದಿರುವವರು ಯಾರಾದರೂ ಇದ್ದರೆ ಅದು ಅವರೇ. ಹರಾಜು ಹೊರಗಿಡುವುದು ಬೀದಿಯ ಕೇಬಲ್ ಆಪರೇಟರನ್ನು, ಸಣ್ಣ ಇಂಟರ್ನೆಟ್ ಸೇವೆಯವನನ್ನು.

ವರಮಾನದ ಪ್ರಶ್ನೆಗೆ ದಕ್ಷಿಣ ಕೊರಿಯಾವನ್ನು ನೋಡಬೇಕು. 5ಜಿಯಲ್ಲಿ ಜಗತ್ತಿಗೇ ಮುಂದಿದ್ದ ಆ ದೇಶ 2018ರಲ್ಲಿ 28 ಗಿಗಾಹರ್ಟ್ಸನ್ನು, ಅಂದರೆ ಅಲೆಯುದ್ದ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ಬ್ಯಾಂಡನ್ನು, ಮೂರು ಕಂಪನಿಗಳಿಗೆ ಹರಾಜಿನಲ್ಲಿ ಕೊಟ್ಟಿತು. ಒಂದೊಂದು ಕಂಪನಿಯೂ 15,000 ಕೇಂದ್ರಗಳನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಲೆ ದೂರ ಹೋಗುವುದಿಲ್ಲವಾದ್ದರಿಂದ ಬೀದಿಬೀದಿಗೆ ಕೇಂದ್ರ ಬೇಕು. ಅಷ್ಟು ಖರ್ಚಿಗೆ ತಕ್ಕ ಗಿರಾಕಿ ಇರಲಿಲ್ಲ. 2022ರ ಡಿಸೆಂಬರಿನಲ್ಲಿ ಕೆಟಿ ಮತ್ತು ಎಲ್‌ಜಿ ಯುಪ್ಲಸ್, 2023ರಲ್ಲಿ ಎಸ್‌ಕೆ ಟೆಲಿಕಾಂ ಬ್ಯಾಂಡನ್ನು ಕಳೆದುಕೊಂಡವು. 2024ರ ಜನವರಿಯಲ್ಲಿ ಸ್ಟೇಜ್ ಎಕ್ಸ್ ಎಂಬ ಹೊಸಬರ ಕೂಟ ಅದನ್ನೇ 430 ಶತಕೋಟಿ ವಾನ್‌ಗೆ ಕೂಗಿ ಗೆದ್ದಿತು. ಆರೇಳು ತಿಂಗಳಲ್ಲಿ, ಬಂಡವಾಳ ಹೊಂದಿಸಲಾಗದೆ, ಆ ಆಯ್ಕೆಯೂ ರದ್ದಾಯಿತು. ನಮ್ಮಲ್ಲಿ 2022ರ ಹರಾಜಿನಲ್ಲಿ 26 ಗಿಗಾಹರ್ಟ್ಸ್ ಮಾರಾಟವಾಯಿತು. ಅದಾನಿ ಡೇಟಾ ನೆಟ್‌ವರ್ಕ್ಸ್ 212 ಕೋಟಿ ರೂಪಾಯಿಗೆ 400 ಮೆಗಾಹರ್ಟ್ಸ್ ಕೊಂಡಿತು; ಅದರಲ್ಲಿ 50 ಕರ್ನಾಟಕದ್ದು. ಸಾರ್ವಜನಿಕ ಸೇವೆ ತನ್ನ ಉದ್ದೇಶವಲ್ಲ, ತನ್ನ ಬಂದರು, ವಿಮಾನನಿಲ್ದಾಣಗಳಿಗೆ ಬೇಕೆಂದು ಕಂಪನಿ ಮೊದಲೇ ಹೇಳಿತ್ತು. ಮೂರು ವರ್ಷ ತುಂಬುವ ಮೊದಲೇ, 2025ರ ಏಪ್ರಿಲಿನಲ್ಲಿ, ಅದರ ಬಳಕೆಯ ಹಕ್ಕನ್ನು ಏರ್‌ಟೆಲ್‌ಗೆ ಬಿಟ್ಟುಕೊಡುವ ಒಪ್ಪಂದ ಪ್ರಕಟವಾಯಿತು. ಕೋಣೆ, ಅಂಗಳ, ಬೀದಿಯ ಅಳತೆಯ ಅಲೆಯನ್ನು ರಾಜ್ಯ ರಾಜ್ಯಗಳ ಅಳತೆಯಲ್ಲಿ ಮಾರಿದರೆ ಹೀಗಾಗುವುದು ಸಹಜ. ಕೊಂಡವನಿಗೆ ಅದನ್ನೆಲ್ಲ ಬಳಸುವ ಶಕ್ತಿಯಿಲ್ಲ, ಬಳಸಬಲ್ಲವನಿಗೆ ಕೊಳ್ಳುವ ಶಕ್ತಿಯಿಲ್ಲ.

ಇದರಿಂದ ಸಾಬೀತಾಗುವುದು ಹರಾಜಿನ ತಪ್ಪಲ್ಲ, ಮಿಲಿಮೀಟರ್ ಅಲೆಯೇ ನಿಷ್ಪ್ರಯೋಜಕ ಎಂಬುದು ಎಂದು ಯಾರಾದರೂ ತಿರುಗಿಸಿ ಕೇಳಬಹುದು. ಅಮೆರಿಕದಲ್ಲಿ ಮೂವತ್ತು ವರ್ಷದಿಂದ 60 ಗಿಗಾಹರ್ಟ್ಸ್ ಮುಕ್ತವಾಗಿದೆಯಲ್ಲ, ಏನು ಕಡಿದು ಗುಡ್ಡೆ ಹಾಕಿದರು? ಪ್ರಶ್ನೆ ನ್ಯಾಯವಾದದ್ದೇ. 2012ರಲ್ಲಿ ಸೆಕೆಂಡಿಗೆ 7 ಗಿಗಾಬಿಟ್‌ವರೆಗೆ ಓಡುವ ವೈಗಿಗ್ ಎಂಬ ಮಾನಕ ಬಂತು. ಲ್ಯಾಪ್‌ಟಾಪಿನಿಂದ ಪರದೆಗೆ, ಪ್ರಿಂಟರಿಗೆ ತಂತಿಯೇ ಬೇಡ ಎಂದರು. ಕೆಲವು ಕಂಪನಿಗಳು ಲ್ಯಾಪ್‌ಟಾಪ್ ಮಾಡಿದವು, ಜನ ಕೊಳ್ಳಲಿಲ್ಲ; ತಂತಿ ಅಗ್ಗವಾಗಿತ್ತು, ಚೆನ್ನಾಗಿಯೂ ಇತ್ತು. ಇಂಟೆಲ್ ಆ ಚಿಪ್‌ಗಳಿಂದ ಕೈತೊಳೆದುಕೊಂಡಿತು. ಅಷ್ಟಕ್ಕೇ ನಿಲ್ಲಿಸಿದರೆ ಇದು ಸೋತ ಕಥೆ. ಆದರೆ ಮುಕ್ತ ಬ್ಯಾಂಡಿನ ಗುಣವೆಂದರೆ ಒಂದು ಬಳಕೆ ಸೋತರೆ ಜಾಗ ಇನ್ನೊಂದಕ್ಕೆ ತೆರೆದೇ ಇರುತ್ತದೆ. ಸಂದೇಶ ಸಾಗಿಸಲು ಬಂದ ಅಲೆ ಈಗ ಹೆಚ್ಚಾಗಿ ಸ್ಪರ್ಶಿಸದೆ ನೋಡುವ ಕೆಲಸ ಮಾಡುತ್ತಿದೆ. ಅಲೆ 5 ಮಿಲಿಮೀಟರ್ ಇದ್ದರೆ ಮಲಗಿದವನ ಎದೆ ಉಸಿರಿಗೆ ಏರಿಳಿಯುವ ಕೆಲವೇ ಮಿಲಿಮೀಟರುಗಳ ಚಲನೆಯೂ ಪ್ರತಿಧ್ವನಿಯಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಹದಿನಾರು ಆಂಟೆನಾಗಳು ಬೆರಳಿನ ಉಗುರಿನಗಲದಲ್ಲಿ ಕೂರುತ್ತವೆ. ಪಿಕ್ಸೆಲ್ 4ರಲ್ಲಿ ಮೂಲೆಗೆ ಬಿದ್ದ ಸೋಲಿಯೇ 2021ರಲ್ಲಿ ಗೂಗಲ್ಲಿನ ನೆಸ್ಟ್ ಹಬ್‌ನಲ್ಲಿ ನಿದ್ದೆ ಅಳೆಯುವ ಸಾಧನವಾಗಿ ಬಂತು. ಅದೇ ವರ್ಷ ಎಫ್‌ಸಿಸಿ ಹಲವು ಕಂಪನಿಗಳಿಗೆ ಕಾರಿನೊಳಗೆ ಈ ರಾಡಾರ್ ಇಡಲು ಅನುಮತಿಸಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಮರೆತು ಹೋದರೆ, ಕಂಬಳಿಯಡಿ ಮಲಗಿದ್ದರೂ ಅದರ ಉಸಿರಾಟ ಗುರುತಿಸಿ ಎಚ್ಚರಿಸುವುದು ಅದರ ಕೆಲಸ. ಯುರೋಪಿನ ಕಾರು ಸುರಕ್ಷತಾ ಸಂಸ್ಥೆ ಯುರೋ ಎನ್‌ಕ್ಯಾಪ್ 2023ರಿಂದ ಇಂಥ ವ್ಯವಸ್ಥೆಗೆ ಅಂಕ ಕೊಡುತ್ತಿದೆ. 2023ರಲ್ಲೇ ಎಫ್‌ಸಿಸಿ ಬಿಡಿ ಬಿಡಿ ಅನುಮತಿಗಳನ್ನು ಬಿಟ್ಟು ರಾಡಾರಿಗೆಂದೇ ಸಾಮಾನ್ಯ ನಿಯಮ ಮಾಡಿತು. ನಮಗೆ ಇರಿಸುಮುರಿಸಾಗಬೇಕಾದ ಸಂಗತಿ ಇನ್ನೊಂದಿದೆ: ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಮಾರುವ ಮಿಲಿಮೀಟರ್ ಅಲೆಯ ರಾಡಾರ್ ಚಿಪ್‌ಗಳ ವಿನ್ಯಾಸದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದು. ಐಐಎಸ್‌ಸಿಯ ಆಶ್ರಯದಲ್ಲಿ ಬೆಳೆದ ಆಸ್ಟ್ರೋಮ್ ಎಂಬ ಕಂಪನಿ ಇ-ಬ್ಯಾಂಡಿನ ರೇಡಿಯೊಗಳನ್ನು ಇಲ್ಲೇ ಮಾಡುತ್ತಿದೆ. ವಿದ್ಯೆ ಊರಲ್ಲೇ ಇದೆ, ಅದನ್ನು ಊರಲ್ಲಿ ಬಳಸಲು ಕಾಗದ ಬೇಕು.

ಸಂದೇಶ ಸಾಗಿಸುವ ಕೆಲಸವೂ ಪೂರ್ತಿ ಸತ್ತಿಲ್ಲ, ಜಾಗ ಬದಲಿಸಿದೆ. ಮನೆಯೊಳಗಿನಿಂದ ಮಾಳಿಗೆಯ ಮೇಲಕ್ಕೆ ಹೋಗಿದೆ. ಫೇಸ್‌ಬುಕ್ 2016ರಲ್ಲಿ ಘೋಷಿಸಿದ ಟೆರಾಗ್ರಾಫ್ ಇಂಥದ್ದೇ. ಇನ್ನೂರು ಮೀಟರಿಗೊಂದರಂತೆ ಬೀದಿದೀಪದ ಕಂಬ, ಕಟ್ಟಡದ ನೆತ್ತಿಗಳಲ್ಲಿ 60 ಗಿಗಾಹರ್ಟ್ಸ್ ಪೆಟ್ಟಿಗೆಗಳನ್ನಿಟ್ಟು ಒಂದರಿಂದ ಒಂದಕ್ಕೆ ದಾಟಿಸುತ್ತಾ ಮನೆಗಳಿಗೆ ಫೈಬರಿನಷ್ಟೇ ವೇಗ ಕೊಡುವುದು. ಅಲಾಸ್ಕಾದ ಆಂಕರೇಜ್‌ನಂಥ ಊರಲ್ಲೂ ಅದು ನಡೆದಿದೆ. ಬೆಂಗಳೂರಿನ ಮರಗಳ ಕೊಂಬೆಗಳಿಂದ, ಕರೆಂಟ್ ಕಂಬಗಳಿಂದ ಜೋತುಬಿದ್ದ ಕಪ್ಪು ಕೇಬಲ್ ಸುರುಳಿಗಳನ್ನು ನೋಡಿದವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಿಲ್ಲ. ನಗರಾಡಳಿತ, ಬೆಸ್ಕಾಂ ಆಗಾಗ ಅವನ್ನು ಕತ್ತರಿಸಿ ಹಾಕುತ್ತವೆ, ವಾರದಲ್ಲಿ ಮತ್ತೆ ಹುಟ್ಟುತ್ತವೆ. ರಸ್ತೆ ಅಗೆಯಲು ಅನುಮತಿಗಾಗಿ ಅಲೆದಾಟ, ಅಗೆದರೆ ಜನರ ಬೈಗುಳ. ರಸ್ತೆಯ ಈ ಬದಿಯವರೆಗೆ ಫೈಬರ್ ಬಂದಿದ್ದು ಆ ಬದಿಯ ಅಪಾರ್ಟ್‌ಮೆಂಟಿಗೆ ನೂರೈವತ್ತು ಮೀಟರ್ ದಾಟಿಸಬೇಕಾದಾಗ ಎರಡು ಪುಟ್ಟ ಪೆಟ್ಟಿಗೆ ಸಾಕು. ಮಳೆ? ಮಿಲಿಮೀಟರ್ ಅಲೆಗೆ ಮಳೆಹನಿ ವೈರಿಯೇ. ಹನಿಯ ಗಾತ್ರವೂ ಅಲೆಯ ಉದ್ದವೂ ಸರಿಸುಮಾರು ಒಂದೇ ಅಳತೆಯವು. ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಸುರಿದರೆ 60 ಗಿಗಾಹರ್ಟ್ಸಿನ ನಷ್ಟ ಕಿಲೋಮೀಟರಿಗೆ 30 ಡೆಸಿಬೆಲ್ ಹತ್ತಿರ ಹೋಗುತ್ತದೆ. ಆಗುಂಬೆಯಿಂದ ತೀರ್ಥಹಳ್ಳಿಗೆ ಇದರಲ್ಲಿ ಕೊಂಡಿ ಹಾಕುತ್ತೇನೆಂದು ಹೊರಟವನಿಗೆ ಬುದ್ಧಿ ಹೇಳಬೇಕು. ಆದರೆ ಇನ್ನೂರು ಮೀಟರಿನಲ್ಲಿ ಆ ನಷ್ಟ 6 ಡೆಸಿಬೆಲ್ ಮಾತ್ರ, ಅಂದರೆ ಅಲೆಯ ಕಾಲುಭಾಗ ತಲುಪುತ್ತದೆ. ಅದಕ್ಕೆ ಬೇಕಾದ ಹೆಚ್ಚುವರಿ ಬಲವನ್ನು ಮೊದಲೇ ಇಟ್ಟುಕೊಂಡು ಕೊಂಡಿ ಕಟ್ಟುವುದು ಮಾಮೂಲಿ ಎಂಜಿನಿಯರಿಂಗ್. ಮಲೆನಾಡಿನ ಒಂಟಿಮನೆಗಳಿಗೆ ಇದು ಪರಿಹಾರವಲ್ಲ ಎಂಬುದನ್ನು ಮಾತ್ರ ಒಪ್ಪಲೇಬೇಕು. ಅಲ್ಲಿಗೆ ಉದ್ದ ಅಲೆಗಳೇ ಗತಿ, ಅವುಗಳ ಹರಾಜಿಗೆ ನನ್ನ ತಕರಾರಿಲ್ಲ.

ಆರೋಗ್ಯದ ಭಯವನ್ನು ಲಘುವಾಗಿ ತಳ್ಳಿಹಾಕುವುದು ತಪ್ಪು, ಏಕೆಂದರೆ ಈ ಬ್ಯಾಂಡಿನ ಸುತ್ತ ವಿಶೇಷವಾದ ಒಂದು ವದಂತಿಯೇ ಓಡಾಡಿದೆ. 60 ಗಿಗಾಹರ್ಟ್ಸ್ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ರಕ್ತಕ್ಕೆ ಆಮ್ಲಜನಕ ಸಿಗದೆ ಜನ ಸಾಯುತ್ತಾರೆ ಎಂದು ಕೋವಿಡ್ ಕಾಲದಲ್ಲಿ ಜಗತ್ತಿನಾದ್ಯಂತ ಹಬ್ಬಿತು. ಇದು ತಲೆಕೆಳಗಾದ ಮಾತು. ಹೀರುವುದು ಆಮ್ಲಜನಕ, ಹೀರಿಸಿಕೊಳ್ಳುವುದು ಅಲೆ. ಅಲೆಯಿಂದ ಪಡೆದ ಎಳ್ಳುಕಾಳಿನಷ್ಟು ಶಕ್ತಿಯನ್ನು ಅಣು ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆದು ಕಳೆದುಕೊಳ್ಳುತ್ತದೆ. ಆಮ್ಲಜನಕ ಆಮ್ಲಜನಕವಾಗಿಯೇ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಗಾಳಿಯ ಆಮ್ಲಜನಕ ತಾನೇ ಹಗಲೂ ರಾತ್ರಿ ಈ ಆವರ್ತನದಲ್ಲಿ ಮಂದವಾಗಿ ಹೊಮ್ಮುತ್ತಿರುತ್ತದೆ. ಎಷ್ಟು ಬಿಸಿಯೋ ಅಷ್ಟು ಹೊಮ್ಮುತ್ತದೆ. ಹವಾಮಾನ ಉಪಗ್ರಹಗಳು 1970ರ ದಶಕದಿಂದ ವಾತಾವರಣದ ಪದರ ಪದರದ ಉಷ್ಣತೆ ಅಳೆಯುತ್ತಿರುವುದು 50ರಿಂದ 58 ಗಿಗಾಹರ್ಟ್ಸ್ ನಡುವಿನ ಆ ಹೊಮ್ಮುವಿಕೆ ನೋಡಿಯೇ. ಈ ಅಲೆಯ ಕಣವೊಂದರ ಶಕ್ತಿ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕಲು ಬೇಕಾದುದರ ನಲವತ್ತು ಸಾವಿರದಲ್ಲೊಂದು ಪಾಲು. ಎಕ್ಸ್-ರೇ ಜೊತೆ ಇದನ್ನು ಹೋಲಿಸುವಂತಿಲ್ಲ. ಉಳಿಯುವುದು ಶಾಖ. ಶಾಖ ನಿಜವಾದದ್ದು: ಅಮೆರಿಕದ ಸೈನ್ಯ 95 ಗಿಗಾಹರ್ಟ್ಸಿನಲ್ಲಿ ಭಾರೀ ಶಕ್ತಿ ಹಾಯಿಸಿ ಚರ್ಮ ಉರಿಯುವಂತೆ ಮಾಡಿ ಗುಂಪು ಚದುರಿಸುವ ಯಂತ್ರವನ್ನೇ ಕಟ್ಟಿದೆ. ಅದರದು ಕಿಲೋವ್ಯಾಟ್‌ಗಳ ಲೆಕ್ಕ, ನಿದ್ದೆ ಅಳೆಯುವ ರಾಡಾರಿನದು ಮಿಲಿವ್ಯಾಟ್‌ಗಳದು. ಚರ್ಮದೊಳಗೆ ಅರ್ಧ ಮಿಲಿಮೀಟರಿನಷ್ಟು ಮಾತ್ರ ಇಳಿಯುವ ಈ ಅಲೆಗೆ ಅಂತಾರಾಷ್ಟ್ರೀಯ ಮಿತಿಗಳಿವೆ, 2020ರಲ್ಲಿ ಅವು ಪರಿಷ್ಕೃತವೂ ಆಗಿವೆ. ಪರವಾನಗಿ ಬೇಡವೆಂದರೆ ಮಿತಿ ಬೇಡವೆಂದಲ್ಲ. ಸಾಧನ ಮಾರುಕಟ್ಟೆಗೆ ಬರುವ ಮೊದಲು ಪರೀಕ್ಷೆಯಾಗಲಿ, ಮಾರಾಟವಾದ ಮೇಲೆ ಕೊಂಡವನನ್ನು ಬಿಡಲಿ.

ನನಗೆ ಸುಲಭವಾಗಿ ಉತ್ತರ ಸಿಗದ ಆಕ್ಷೇಪ ಇನ್ನೊಂದು. ಉಸಿರಾಟ ಎಣಿಸಬಲ್ಲ ರಾಡಾರ್ ಕೋಣೆಯಲ್ಲಿ ಎಷ್ಟು ಜನರಿದ್ದಾರೆ, ಯಾರು ಯಾವಾಗ ಎದ್ದರು, ಪಕ್ಕದಲ್ಲಿ ಯಾರು ಮಲಗಿದ್ದರು ಎಂಬುದನ್ನೂ ಎಣಿಸಬಲ್ಲದು. ಪರದೆ, ತೆಳುವಾದ ಪ್ಲೈವುಡ್ ಅದಕ್ಕೆ ದೊಡ್ಡ ತಡೆಯಲ್ಲ. ಕ್ಯಾಮೆರಾಕ್ಕಿಂತ ಇದು ವಾಸಿ, ಮುಖ ಕಾಣಿಸುವುದಿಲ್ಲವಲ್ಲ ಎಂದು ತಯಾರಕರು ಹೇಳುತ್ತಾರೆ. ವೃದ್ಧಾಶ್ರಮದ ಸ್ನಾನದ ಕೋಣೆಯಲ್ಲಿ ಬಿದ್ದವರನ್ನು ಗುರುತಿಸಲು ನಿಜಕ್ಕೂ ವಾಸಿಯೇ. ಆದರೆ ಕ್ಯಾಮೆರಾ ಕಣ್ಣಿಗೆ ಬೀಳುತ್ತದೆ, ಗೋಡೆಗಡಿಯಾರದೊಳಗಿನ ರಾಡಾರ್ ಬೀಳುವುದಿಲ್ಲ. ಬಾಡಿಗೆಮನೆಯ ಮಾಲೀಕ, ಹಾಸ್ಟೆಲ್ಲಿನ ಆಡಳಿತ, ಕಾರ್ಖಾನೆಯ ಮೇಲ್ವಿಚಾರಕ ಯಾರು ಬೇಕಾದರೂ ಇಡಬಹುದು. ಇದಕ್ಕೆ ಸ್ಪೆಕ್ಟ್ರಂ ಪರವಾನಗಿ ಮದ್ದಲ್ಲ ಎಂಬುದಷ್ಟೇ ನಾನು ಹೇಳಬಲ್ಲೆ. ಪರವಾನಗಿ ಪಡೆದ ಕಂಪನಿಯೂ ಇದೇ ಕೆಲಸವನ್ನು ಕಾನೂನುಬದ್ಧವಾಗಿ ಮಾಡಬಲ್ಲದು. ಮದ್ದು ಇರಬೇಕಾದದ್ದು ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯಿದೆಯಲ್ಲಿ. ಉಸಿರಿನ ಏರಿಳಿತವನ್ನೂ ವೈಯಕ್ತಿಕ ದತ್ತಾಂಶವೆಂದು ಅದು ಕಂಡೀತೇ ಎಂಬುದು ಅದನ್ನು ಜಾರಿಗೆ ತರುವವರ ಮನಸ್ಸಿನ ಮೇಲಿದೆ. ಬ್ಯಾಂಡನ್ನು ಮುಕ್ತಗೊಳಿಸಿ ಎನ್ನುವವರು ಈ ಕೆಲಸವನ್ನೂ ಅದರ ಜೊತೆಗೇ ಕೇಳಬೇಕು, ಆಮೇಲೆ ನೋಡೋಣ ಎನ್ನಬಾರದು.

ಕಡೆಯದಾಗಿ ಮೊಬೈಲ್ ಕಂಪನಿಗಳ ಒಂದು ಮಾತಿನಲ್ಲಿ ಹುರುಳಿದೆ. ಟವರುಗಳ ನಡುವಿನ ಕೊಂಡಿಗೆ ಖಾತರಿ ಬೇಕು. ಯಾವನೋ ಮಾಳಿಗೆಯ ಮೇಲೆ ಪೆಟ್ಟಿಗೆ ಇಟ್ಟನೆಂದು ಒಂದು ಬಡಾವಣೆಯ ಫೋನು ನಿಲ್ಲಬಾರದು. ಆದರೆ ಆ ಖಾತರಿಗೆ ಸರಿಯಾದ ಜಾಗ 71ರಿಂದ 76 ಮತ್ತು 81ರಿಂದ 86 ಗಿಗಾಹರ್ಟ್ಸಿನ ಇ-ಬ್ಯಾಂಡ್. ಅಲ್ಲಿ ಆಮ್ಲಜನಕದ ಕಾಟವಿಲ್ಲ, ಅಲೆ ಹಲವು ಕಿಲೋಮೀಟರ್ ಹೋಗುತ್ತದೆ, ಆದ್ದರಿಂದ ಒಬ್ಬರಿಗೊಬ್ಬರು ಅಡ್ಡಬರುವ ಸಾಧ್ಯತೆಯೂ ನಿಜ. ಅಮೆರಿಕ 2003ರಲ್ಲಿ ಮಾಡಿದ ನಿಯಮದಂತೆ ಅಲ್ಲಿ ಒಂದೊಂದು ಕೊಂಡಿಯನ್ನೂ ಆನ್‌ಲೈನಿನಲ್ಲಿ ನೋಂದಾಯಿಸಿ, ಮೊದಲು ನೋಂದಾಯಿಸಿದವನಿಗೆ ರಕ್ಷಣೆ ಕೊಡುವ ಹಗುರ ಪದ್ಧತಿ ನಡೆಸುತ್ತಿದೆ. ನಮ್ಮ ಸರ್ಕಾರವೂ 2022ರ ಹರಾಜಿನ ಹೊತ್ತಿಗೆ ಗೆದ್ದ ಕಂಪನಿಗಳಿಗೆ ಇ-ಬ್ಯಾಂಡಿನಲ್ಲಿ ತಲಾ 250 ಮೆಗಾಹರ್ಟ್ಸಿನ ಎರಡು ತುಂಡುಗಳನ್ನು ತಾತ್ಕಾಲಿಕವಾಗಿ ಕೊಡಲು ಒಪ್ಪಿತು. ವಿ-ಬ್ಯಾಂಡಿನ ಒಳಗೇ ಜಗಳವಿರುವುದು ಅದರ ಮೇಲ್ತುದಿಯಲ್ಲಿ. 2019ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ 66ರಿಂದ 71 ಗಿಗಾಹರ್ಟ್ಸನ್ನು ಮೊಬೈಲ್ ಸೇವೆಗೂ ಯೋಗ್ಯವೆಂದು ಗುರುತಿಸಿತು. ಆಮ್ಲಜನಕದ ಹಿಡಿತ ಅಲ್ಲಿ ಸಡಿಲವಾಗಿರುವುದರಿಂದ ಕಂಪನಿಗಳ ಕಣ್ಣು ಅದರ ಮೇಲಿದೆ. ಅಮೆರಿಕ, ಯುರೋಪು ಅದನ್ನೂ ಮುಕ್ತವಾಗಿಯೇ ಬಿಟ್ಟಿವೆ, ನಾವೂ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಅದೇ ನೆಪದಲ್ಲಿ ಇನ್ನೊಂದು ಹನ್ನೊಂದು ವರ್ಷ ಕಡತ ತಿರುಗುವುದಾದರೆ, ಆ ಮೇಲಿನ 5,000 ಮೆಗಾಹರ್ಟ್ಸಿನ ತೀರ್ಮಾನವನ್ನು ಬೇರೆ ಮಾಡಿಟ್ಟು 57ರಿಂದ 66ರವರೆಗಿನ 9,000 ಮೆಗಾಹರ್ಟ್ಸನ್ನು ಮೊದಲು ಬಿಡುಗಡೆ ಮಾಡಬಹುದು. ಗಾಳಿ ಅತಿ ಹೆಚ್ಚು ಹೀರುವ ಭಾಗವೂ ಅದೇ, ಸದ್ಯದ ರಾಡಾರುಗಳೆಲ್ಲ ನಡೆಯುವ ಭಾಗವೂ ಅದೇ. ಕೋಣೆಯೊಳಗಿನ ಸಾಧನಕ್ಕೆ ಒಂದು ಶಕ್ತಿಮಿತಿ, ಮಾಳಿಗೆಯ ಮೇಲಿನ ಕಿರಿದಾದ ಕಿರಣಕ್ಕೆ ಇನ್ನೊಂದು, ಇಷ್ಟನ್ನು ಬರೆಯಲು ರಾಜಪತ್ರದಲ್ಲಿ ಎರಡು ಪುಟ ಸಾಕು. 2005ರಲ್ಲಿ ವೈಫೈಗೆ ಬರೆದ ಅಧಿಸೂಚನೆಯೂ ಅದಕ್ಕಿಂತ ಉದ್ದವೇನೂ ಇರಲಿಲ್ಲ.